ನಡುಗುವ ಜೀಪಿಗೂ ಒಂದು ಚರಿತ್ರೆ

ಹೋದ ವರ್ಷ ಮಳೆಗಾಲ ಮುಗಿಯೋ ಹೊತ್ತಿಗೆ ಒಂದು ಭಾನುವಾರ ಬೆಳಿಗ್ಗೆ ಅಪ್ಪ ಫೋನ್ ಮಾಡಿದರು. ಅವರ ಫೋನ್ ಅಂದ್ರೆ ಸಾಮಾನ್ಯವಾಗಿ ಕಾಫಿ ರೇಟು, ಮೂರು ದಿನದಿಂದ ಇಲ್ಲದ ಕರೆಂಟು, ತೋಟಕ್ಕೆ ಬಂದ ಆನೆ, ಇಷ್ಟೇ. ಅವತ್ತು ಮಾತ್ರ, "ನಿಮ್ಮಮ್ಮ ಇನ್ಮೇಲೆ ಜೀಪು ಹತ್ತಲ್ವಂತೆ" ಅಂದರು.

ಹಿಂದಿನ ದಿನ ಇಬ್ಬರೂ ಮೂಡಿಗೆರೆ ಕಡೆಯಿಂದ ಚಾರ್ಮಾಡಿ ಘಾಟಿ ಇಳಿದು ಉಜಿರೆಗೆ ಒಂದು ಮದುವೆಗೆ ಹೊರಟಿದ್ದರು. ತಿರುವುಗಳಲ್ಲಿ ಬ್ರೇಕ್ ಒತ್ತಿದಾಗೆಲ್ಲ ಸ್ಟೇರಿಂಗ್ ಗಡಗಡ ಅಂತಿತ್ತಂತೆ. ಅದು ಹಳೇ ಕಾಯಿಲೆ, ಇಬ್ಬರಿಗೂ ಅಭ್ಯಾಸ. ಆದರೆ ಘಾಟಿ ಮುಗಿದು ನೇರ ರಸ್ತೆ ಸಿಕ್ಕಮೇಲೆ ಎಡಗಡೆ ಚಕ್ರ ಒಂದು ಗುಂಡಿಗೆ ಬಿತ್ತು. ಆಮೇಲೆ ಮುಂದಿನ ಎರಡೂ ಚಕ್ರ ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ ಹುಚ್ಚು ಹಿಡಿದ ಹಾಗೆ ಒದರೋಕೆ ಶುರು. ಸ್ಟೇರಿಂಗ್ ಕೈಯಿಂದ ಕಿತ್ಕೊಂಡು ಹೋಗುತ್ತಿತ್ತಂತೆ. ಗಾಡಿ ಪೂರ್ತಿ ನಿಲ್ಲೋವರೆಗೂ ಅದು ನಿಲ್ಲಲಿಲ್ಲ. ಎದುರಿಗೆ ಬಸ್ಸು ಬರದೇ ಇದ್ದದ್ದು ಪುಣ್ಯ.

ಆ ಜೀಪು 80ರ ದಶಕದ್ದು. ಮೊದಲಿನ ಮಾಲೀಕರು ಮುಂದಿನ ಚಕ್ರಗಳ ಡ್ರಮ್ ಬ್ರೇಕ್ ತೆಗೆಸಿ ಡಿಸ್ಕ್ ಹಾಕಿಸಿದ್ದರು. ಅದು ಬಿಟ್ಟರೆ ಉಳಿದದ್ದೆಲ್ಲ ಹುಟ್ಟಿನಿಂದ ಬಂದಿದ್ದೇ. "ಮಾರಿಬಿಡಿ" ಅಂತ ಹೇಳೋದು ನನಗೆ ಸುಲಭ, ಬೆಂಗಳೂರಲ್ಲಿ ಕೂತಿದೀನಿ. ತೋಟದ ಕೆಸರು ರಸ್ತೆಯಲ್ಲಿ ಮನೆ ತಲುಪೋಕೆ ಅವರಿಗೆ ಇರೋದು ಅದೊಂದೇ ಗಾಡಿ. ಅಮ್ಮ ಅದನ್ನು ಹತ್ತಲ್ಲ ಅಂದರೆ ಅಮ್ಮ ಮನೆ ಬಿಟ್ಟು ಹೊರಡಲ್ಲ ಅಂತಲೇ ಅರ್ಥ.

ಅಷ್ಟರಲ್ಲಾಗಲೇ ಎರಡು ಗ್ಯಾರೇಜು ಆಗಿತ್ತು. ಒಬ್ಬರು "ಡಿಸ್ಕ್ ಬೆಂಡಾಗಿದೆ" ಅಂತ ಎರಡೂ ಡಿಸ್ಕ್ ಬದಲಾಯಿಸಿದ್ದರು. ಎರಡು ತಿಂಗಳು ಚೆನ್ನಾಗಿತ್ತು, ಆಮೇಲೆ ಅದೇ ಗಡಗಡ. ಇನ್ನೊಬ್ಬರು ಸ್ಟೇರಿಂಗಿಗೆ ಹೊಸ ಡ್ಯಾಂಪರ್ ಹಾಕಿ ಕಳಿಸಿದ್ದರು. ನಾನು ರಜೆ ಹಾಕಿ ಊರಿಗೆ ಹೋಗಿ, ಗಾಡಿಯನ್ನು ನಿಧಾನಕ್ಕೆ ಪೇಟೆಯ ಒಬ್ಬ ಹಳೇ ಮೇಸ್ತ್ರಿ ಹತ್ತಿರ ತಗೊಂಡು ಹೋದೆ. ಅವರು ಬಾನೆಟ್ ಎತ್ತಲಿಲ್ಲ, ಸ್ಪ್ಯಾನರ್ ಮುಟ್ಟಲಿಲ್ಲ. "ನಡುಗೋದು ಯಾವಾಗ?" ಅಂತ ಕೇಳಿದರು.

ಆ ಒಂದು ಪ್ರಶ್ನೆ ಹಿಡಿದುಕೊಂಡು ಮುಂದಿನ ಎರಡು ವಾರ ನಾನು ಓದಿದ್ದು, ಅಳೆದಿದ್ದು, ಕೈ ಮಸಿ ಮಾಡಿಕೊಂಡಿದ್ದರ ಕಥೆ ಇದು. ನನಗೆ ಅರ್ಥವಾದದ್ದು ಇಷ್ಟು: ಹಳೇ ಜೀಪು ಅಂದರೆ ಒಂದೇ ಕಾಲದ ಗಾಡಿಯಲ್ಲ. ಬೇರೆ ಬೇರೆ ಕಾಲದ ಸಮಸ್ಯೆಗಳಿಗೆ ಬೇರೆ ಬೇರೆ ಕಾಲದವರು ಕೊಟ್ಟ ಉತ್ತರಗಳನ್ನು ನಾಲ್ಕು ಚಕ್ರದ ಮೇಲೆ ಒಟ್ಟಿಗೆ ಕೂರಿಸಿದ್ದಾರೆ. ಗಾಡಿ ಯಾವಾಗ ನಡುಗುತ್ತದೆ ಅಂತ ಗೊತ್ತಾದರೆ, ಯಾವ ಕಾಲದ ಉತ್ತರ ಸವೆದಿದೆ ಅಂತ ಗೊತ್ತಾಗುತ್ತದೆ.

ಒಂದು ವೇಗದಲ್ಲಿ ಮಾತ್ರ ನಡುಗಿದರೆ

ಬ್ರೇಕ್ ಒತ್ತಿಲ್ಲ, ಗುಂಡಿ ಸಿಕ್ಕಿಲ್ಲ. ಆದರೂ 70 ದಾಟುತ್ತಿದ್ದಂತೆ ಸ್ಟೇರಿಂಗ್ ಸಣ್ಣಗೆ ನಡುಗುತ್ತೆ, 90ಕ್ಕೆ ಹೋದರೆ ಕಡಿಮೆಯಾಗುತ್ತೆ. ಇದು ಎಲ್ಲಕ್ಕಿಂತ ಬಡಪಾಯಿ ಕಾಯಿಲೆ: ಚಕ್ರದ ತೂಕ ಸುತ್ತಲೂ ಸಮ ಇಲ್ಲ.

ಜೀಪಿನ ಟೈರು ಒಂದು ಸುತ್ತು ತಿರುಗಿದರೆ ಹತ್ತಿರ ಹತ್ತಿರ ಎರಡೂಕಾಲು ಮೀಟರ್. ಗಂಟೆಗೆ 80 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ ಸುಮಾರು 10 ಸುತ್ತು ಹಾಕುತ್ತೆ. ರಿಮ್ಮಿನ ಅಂಚಲ್ಲಿ ಒಂದು ಕಡೆ ಬರೀ 30 ಗ್ರಾಂ ಹೆಚ್ಚು ಇದ್ದರೆ, ಆ ವೇಗದಲ್ಲಿ ಅದು ಎರಡು ಕೆ.ಜಿ.ಗಿಂತ ಹೆಚ್ಚಿನ ಬಲದಲ್ಲಿ ಚಕ್ರವನ್ನು ಹೊರಕ್ಕೆ ಎಳೆಯುತ್ತೆ. ಸೆಕೆಂಡಿಗೆ ಹತ್ತು ಸಲ, ಹತ್ತು ದಿಕ್ಕಿಗೆ. ಆ ತಾಳ ಗಾಡಿಯ ಸ್ವಂತ ತಾಳಕ್ಕೆ ಹೊಂದಿಕೊಂಡ ವೇಗದಲ್ಲಿ ನಡುಕ ಜೋರು, ತಾಳ ತಪ್ಪಿದರೆ ಕಡಿಮೆ.

ಕೆಸರಲ್ಲಿ ಓಡಾಡೋ ಗಾಡಿಗೆ ಈ 30 ಗ್ರಾಂ ಎಲ್ಲಿಂದ ಬರುತ್ತೆ ಅಂತ ಕೇಳಬೇಡಿ. ರಿಮ್ಮಿನ ಒಳಗಡೆ ಒಣಗಿದ ಮಣ್ಣು ಸಾಕು. ಬ್ಯಾಲೆನ್ಸಿಂಗಿಗೆ ದುಡ್ಡು ಕೊಡೋ ಮೊದಲು ಒಂದು ಬಕೆಟ್ ನೀರು, ಒಂದು ಬ್ರಷ್ ತಗೊಳ್ಳಿ. ಆಮೇಲೂ ಇದ್ದರೆ ಮುಂದಿನ ಚಕ್ರ ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿ ಓಡಿಸಿ. ಸ್ಟೇರಿಂಗಿನ ನಡುಕ ಸೀಟಿಗೆ ಬಂದರೆ ತಪ್ಪು ಚಕ್ರದ್ದೇ. ತಿಂಗಳುಗಟ್ಟಲೆ ನಿಂತ ಗಾಡಿಯಾದರೆ ಟೈರು ನೆಲಕ್ಕೆ ತಾಗಿದ ಕಡೆ ಚಪ್ಪಟೆಯಾಗಿರುತ್ತೆ. ಅದು ಹೆಚ್ಚಿನ ಸಲ ಹತ್ತಿಪ್ಪತ್ತು ಕಿ.ಮೀ. ಓಡಿ ಟೈರು ಬಿಸಿಯಾದಮೇಲೆ ತಾನಾಗೇ ಹೋಗುತ್ತೆ.

ನಮ್ಮ ಜೀಪಿನ ಕಾಯಿಲೆ ಇದಲ್ಲ. ಅದು 70 ಮುಟ್ಟೋದೇ ಇಲ್ಲ.

ಆಕ್ಸಿಲರೇಟರ್ ಒತ್ತಿದಾಗ ನಡುಗಿದರೆ

ಕಾಲು ಒತ್ತಿದರೆ ನೆಲದಡಿಯಿಂದ ಝುಂಯ್ ಅನ್ನೋ ಸಣ್ಣ, ವೇಗದ ನಡುಕ. ಕಾಲು ತೆಗೆದರೆ ಮಾಯ. ಅದು ಚಕ್ರದ್ದಲ್ಲ. ಗೇರ್‌ಬಾಕ್ಸಿನಿಂದ ಆಕ್ಸಲ್‌ವರೆಗೆ ಹೋಗೋ ಉದ್ದನೆಯ ಪ್ರೊಪೆಲ್ಲರ್ ಶಾಫ್ಟಿನದ್ದು. ಹಳೇ ಜೀಪುಗಳಲ್ಲಿ ಚಕ್ರ ಒಂದು ಸುತ್ತು ಹಾಕೋ ಹೊತ್ತಿಗೆ ಶಾಫ್ಟ್ ನಾಲ್ಕೈದು ಸುತ್ತು ಹಾಕಿರುತ್ತೆ. ಅದಕ್ಕೇ ಅದರ ನಡುಕ ಅಷ್ಟು ಸಣ್ಣದು, ಅಷ್ಟು ವೇಗದ್ದು.

ಶಾಫ್ಟಿನ ಎರಡು ತುದಿಯಲ್ಲೂ ಇರುವ ಕ್ರಾಸ್ ಜಾಯಿಂಟಿನ ಕಥೆ 17ನೇ ಶತಮಾನಕ್ಕೆ ಹೋಗುತ್ತೆ. ಸ್ಪ್ರಿಂಗಿನ ನಿಯಮಕ್ಕೆ ಹೆಸರು ಕೊಟ್ಟ ರಾಬರ್ಟ್ ಹುಕ್ ಇದೇ ಜಾಯಿಂಟಿನಲ್ಲಿ ಒಂದು ವಿಚಿತ್ರ ಗಮನಿಸಿದ್ದ. ಶಾಫ್ಟ್ ಓರೆಯಾಗಿದ್ದಾಗ ಒಂದು ಕಡೆ ಸಮವೇಗದಲ್ಲಿ ತಿರುಗಿಸಿದರೂ ಇನ್ನೊಂದು ಕಡೆ ಸಮವೇಗದಲ್ಲಿ ತಿರುಗಲ್ಲ. ಪ್ರತಿ ಸುತ್ತಿಗೆ ಎರಡು ಸಲ ಮುಂದೋಡುತ್ತೆ, ಎರಡು ಸಲ ಹಿಂದೆ ಬೀಳುತ್ತೆ. ಪರಿಹಾರವನ್ನೂ ಹುಕ್ಕೇ ಸೂಚಿಸಿದ. ಎರಡು ಜಾಯಿಂಟ್ ಹಾಕಿ ಸರಿಯಾದ ಕೋನದಲ್ಲಿ ಜೋಡಿಸಿದರೆ ಒಂದರ ಏರುಪೇರನ್ನು ಇನ್ನೊಂದು ಕಳೆದುಬಿಡುತ್ತೆ. 20ನೇ ಶತಮಾನದ ಶುರುವಲ್ಲಿ, ಕಾರುಗಳು ಇನ್ನೂ ಸೈಕಲ್ಲಿನ ಹಾಗೆ ಚೈನಿನಲ್ಲಿ ಓಡುತ್ತಿದ್ದಾಗ, ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಕ್ಲಾರೆನ್ಸ್ ಸ್ಪೈಸರ್ ಈ ಜಾಯಿಂಟನ್ನು ಕಾರಿಗೆ ಒಗ್ಗಿಸಿ ಪೇಟೆಂಟ್ ತಗೊಂಡ. 1904ರಲ್ಲಿ ಕಾರ್ಖಾನೆಯನ್ನೂ ಶುರುಮಾಡಿದ. ಎರಡನೇ ಮಹಾಯುದ್ಧದ ಜೀಪುಗಳ ಆಕ್ಸಲ್ಲುಗಳು ಬಂದದ್ದೂ ಸ್ಪೈಸರ್ ಹೆಸರಲ್ಲೇ.

ಈ ಕಥೆ ಗ್ಯಾರೇಜಲ್ಲಿ ಉಪಯೋಗಕ್ಕೆ ಬರೋದು ಹೀಗೆ. ಶಾಫ್ಟ್ ಬಿಚ್ಚಿ ಗ್ರೀಸ್ ಹಾಕಿ ವಾಪಸ್ ಸೇರಿಸುವಾಗ, ಮಧ್ಯದ ಹಲ್ಲಿನ ಜೋಡಣೆಯನ್ನು ಒಂದೆರಡು ಹಲ್ಲು ಆಚೀಚೆ ಕೂರಿಸಿಬಿಡೋದು ಬಹಳ ಸುಲಭ. ಆಗ ಹುಕ್ ಹೇಳಿದ ಲೆಕ್ಕ ತಪ್ಪುತ್ತೆ, ಹೊಸ ಜಾಯಿಂಟ್ ಹಾಕಿದರೂ ಗಾಡಿ ನಡುಗುತ್ತೆ. ಶಾಫ್ಟಿನ ಮೇಲೆ ಎರಡು ಬಾಣದ ಗುರುತು ಇರುತ್ತೆ ನೋಡಿ, ಅವು ಎದುರುಬದುರು ಇರಬೇಕು. ಗುರುತು ಇಲ್ಲದಿದ್ದರೆ ಬಿಚ್ಚೋ ಮೊದಲೇ ಸುಣ್ಣದಲ್ಲೋ ಪೇಂಟಿನಲ್ಲೋ ಗೆರೆ ಎಳೆದಿಡಿ.

ಗುಂಡಿ ಬಿದ್ದಮೇಲೆ ನಡುಗಿದರೆ

ಅಮ್ಮನನ್ನು ಹೆದರಿಸಿದ್ದು ಇದು. ಇದಕ್ಕೆ ನೂರು ವರ್ಷದ ಹಿಂದೆಯೇ ಇಂಗ್ಲಿಷಿನಲ್ಲಿ ಒಂದು ಅಡ್ಡಹೆಸರು ಬಿದ್ದಿತ್ತು: ಶಿಮ್ಮಿ. ಆ ಕಾಲದಲ್ಲಿ ಅಮೆರಿಕದಲ್ಲಿ ಹುಚ್ಚೆಬ್ಬಿಸಿದ್ದ, ಭುಜ ಕುಲುಕಿಸುವ ಒಂದು ಕುಣಿತದ ಹೆಸರು ಅದು.

1920ರ ದಶಕದವರೆಗೆ ಕಾರಿನ ಟೈರುಗಳು ಸಪೂರ, ಒಳಗಿನ ಗಾಳಿ ಗಟ್ಟಿ. ಬ್ರೇಕು ಹೆಚ್ಚಿನ ಕಾರುಗಳಲ್ಲಿ ಹಿಂದಿನ ಚಕ್ರಕ್ಕೆ ಮಾತ್ರ. 1923ರಲ್ಲಿ ಫೈರ್‌ಸ್ಟೋನ್ ಕಂಪನಿ ದಪ್ಪನೆಯ, ಕಡಿಮೆ ಗಾಳಿಯ ಬಲೂನ್ ಟೈರ್ ತಂದಿತು. ಕುಲುಕಾಟ ಕಡಿಮೆಯಾಗಿ ಜನ ಖುಷಿಪಟ್ಟರು. ಅದೇ ವರ್ಷಗಳಲ್ಲಿ ಮುಂದಿನ ಚಕ್ರಕ್ಕೂ ಬ್ರೇಕ್ ಬಂತು. ಎರಡೂ ಒಳ್ಳೇದಕ್ಕೇ ಆದ ಬದಲಾವಣೆ. ಎರಡೂ ಸೇರಿ ಮುಂದಿನ ಆಕ್ಸಲ್ಲಿನ ತುದಿಗಳ ಭಾರ ಹೆಚ್ಚಿಸಿದವು, ಹಿಡಿತ ಸಡಿಲ ಮಾಡಿದವು. ರಸ್ತೆ ಮೇಲೆ ಕಾರುಗಳು ಶಿಮ್ಮಿ ಕುಣಿಯತೊಡಗಿದವು. ಫ್ರಾನ್ಸಿನಲ್ಲಿ ಜಾರ್ಜ್ ಬ್ರೂಲಿಯೆ ಎಂಬ ಎಂಜಿನಿಯರ್ 1925ರಲ್ಲಿ ಇದರ ಮೇಲೇ ಪ್ರಬಂಧ ಬರೆದ.

ಕಾರಣ ತಿಳ್ಕೊಳ್ಳೋಕೆ ಬುಗುರಿ ನೆನಪು ಮಾಡ್ಕೊಳ್ಳಿ. ತಿರುಗುತ್ತಿರೋ ಬುಗುರಿಯನ್ನು ಪಕ್ಕಕ್ಕೆ ತಳ್ಳಿದರೆ ಅದು ತಳ್ಳಿದ ಕಡೆ ಬೀಳಲ್ಲ, ಇನ್ನೊಂದು ದಿಕ್ಕಿಗೆ ವಾಲಿಕೊಂಡು ಸುತ್ತುತ್ತೆ. ಓಡುವ ಚಕ್ರವೂ ಒಂದು ದೊಡ್ಡ ಬುಗುರಿ. ಜೀಪಿನಲ್ಲಿ ಎಡ ಬಲ ಎರಡೂ ಚಕ್ರ ಒಂದೇ ಗಟ್ಟಿ ಆಕ್ಸಲ್ಲಿನ ತುದಿಗಳಲ್ಲಿವೆ. ಎಡ ಚಕ್ರ ಗುಂಡಿಗೆ ಇಳಿದರೆ ಇಡೀ ಆಕ್ಸಲ್ ವಾಲುತ್ತೆ. ಎರಡು ಬುಗುರಿಗಳನ್ನೂ ಒಟ್ಟಿಗೆ ವಾಲಿಸಿದ ಹಾಗಾಯಿತು. ಅವು ವಾಲಿಕೆಗೆ ಉತ್ತರವಾಗಿ ಪಕ್ಕಕ್ಕೆ ತಿರುಗುತ್ತವೆ, ಅಂದರೆ ತಾವೇ ಸ್ಟೇರಿಂಗ್ ಮಾಡಿಕೊಳ್ಳುತ್ತವೆ. ಪಕ್ಕಕ್ಕೆ ತಿರುಗಿದ ಚಕ್ರವನ್ನು ರಸ್ತೆ ಅಡ್ಡಕ್ಕೆ ತಳ್ಳುತ್ತೆ, ಆ ತಳ್ಳು ಆಕ್ಸಲ್ಲನ್ನು ಮತ್ತೆ ವಾಲಿಸುತ್ತೆ. ಎಲ್ಲ ಜಾಯಿಂಟೂ ಬಿಗಿಯಾಗಿದ್ದರೆ ಒಂದೆರಡು ಸಲ ಒದರಿ ಸುಮ್ಮನಾಗುತ್ತೆ. ಎಲ್ಲೋ ಸಡಿಲ ಇದ್ದರೆ ಒಂದು ಒದರಾಟ ಇನ್ನೊಂದಕ್ಕೆ ಶಕ್ತಿ ಕೊಡುತ್ತಾ ಹೋಗುತ್ತೆ. ಗುಂಡಿ ಹಿಂದೆ ಉಳಿದರೂ ನಡುಕ ಜೊತೆಗೇ ಬರುತ್ತೆ.

ಕಾರು ಕಂಪನಿಗಳು ಇದರಿಂದ ಪಾರಾದದ್ದು ಗಟ್ಟಿ ಆಕ್ಸಲ್ಲನ್ನೇ ಬಿಟ್ಟು. ರೋಲ್ಸ್ ರಾಯ್ಸ್‌ನಲ್ಲಿದ್ದ ಮಾರಿಸ್ ಓಲಿ ಎಂಬ ಇಂಗ್ಲಿಷ್ ಎಂಜಿನಿಯರ್ 1930ರಲ್ಲಿ ಅಮೆರಿಕದ ಕ್ಯಾಡಿಲಾಕ್ ಸೇರಿದ. ಮುಂದಿನ ಚಕ್ರಗಳು ಒಂದಕ್ಕೊಂದು ಸಂಬಂಧವಿಲ್ಲದೆ ಏರಿಳಿಯಬೇಕು ಅಂತ ಪಟ್ಟು ಹಿಡಿದವರಲ್ಲಿ ಅವನೂ ಒಬ್ಬ. 1934ರ ಮಾಡೆಲ್ ಕಾರುಗಳಲ್ಲಿ ಜನರಲ್ ಮೋಟಾರ್ಸ್ ಅದನ್ನು ಜಾರಿಗೆ ತಂದಿತು. ಇವತ್ತು ನೀವು ಆಫೀಸಿಗೆ ಹೋಗೋ ಕಾರಿನ ಮುಂದಿನ ಚಕ್ರಗಳು ಆ ವಂಶದವು. ಶಿಮ್ಮಿ ಅನ್ನೋ ಪದ ನೀವು ಕೇಳದೇ ಇರೋದಕ್ಕೂ ಅದೇ ಕಾರಣ.

ಆದರೆ 1940ರ ಬೇಸಿಗೆಯಲ್ಲಿ ಅಮೆರಿಕದ ಸೈನ್ಯ 135 ಕಂಪನಿಗಳಿಗೆ ಒಂದು ಬೇಡಿಕೆ ಕಳಿಸಿತು. ಹಗುರವಾದ, ನಾಲ್ಕೂ ಚಕ್ರ ಎಳೆಯುವ ಗಾಡಿ ಬೇಕು, ಮೊದಲ ಮಾದರಿ 49 ದಿನದಲ್ಲಿ ಬೇಕು. ಪೆನ್ಸಿಲ್ವೇನಿಯಾದ ಬ್ಯಾಂಟಮ್ ಎಂಬ ಸಣ್ಣ ಕಂಪನಿ ಅದನ್ನು ಸಾಧಿಸಿತು. ನಂತರ ವಿಲ್ಲೀಸ್ ಮತ್ತು ಫೋರ್ಡ್ ಸೇರಿಕೊಂಡು ಯುದ್ಧ ಮುಗಿಯೋ ಹೊತ್ತಿಗೆ ಆರು ಲಕ್ಷಕ್ಕೂ ಹೆಚ್ಚು ಜೀಪು ತಯಾರಿಸಿದವು. 49 ದಿನದಲ್ಲಿ ಹೊಸ ಸಸ್ಪೆನ್ಷನ್ ಕಂಡುಹಿಡಿಯೋಕೆ ಆಗುತ್ತಾ? ಗಟ್ಟಿ ಆಕ್ಸಲ್, ಪಟ್ಟಿ ಸ್ಪ್ರಿಂಗು, ಅದೇ ಸೈ. ಅಗ್ಗ, ಗಟ್ಟಿ, ಯುದ್ಧಭೂಮಿಯಲ್ಲಿ ಸುತ್ತಿಗೆಯಲ್ಲೇ ರಿಪೇರಿ ಆಗುವಂಥದ್ದು. ಕಾರುಗಳು ಬಿಟ್ಟುಬಂದ ಹಳೇ ಆಕ್ಸಲ್ಲನ್ನು ಜೀಪು ಎದೆಗಪ್ಪಿಕೊಂಡಿತು. ಬಾಂಬೆಯಲ್ಲಿ ವಿಲ್ಲೀಸ್ ಜೀಪುಗಳ ಜೋಡಣೆ ಶುರುವಾದಾಗ ಆ ಆಕ್ಸಲ್ಲೂ ಅದರ ಜೊತೆಗೇ ಬಂತು. ಅಲ್ಲಿಂದ ಮಲೆನಾಡಿನ ತೋಟಗಳಿಗೆ.

ಮೇಸ್ತ್ರಿ ಮಾಡಿದ ಪರೀಕ್ಷೆ ಐದು ನಿಮಿಷದ್ದು. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂದಿನ ಆಕ್ಸಲ್ ಎತ್ತಿ, ಕೆಳಗೆ ಗಟ್ಟಿ ಸ್ಟ್ಯಾಂಡ್ ಇಟ್ಟರು. ಬರೀ ಜಾಕಿ ನಂಬಿ ಯಾವತ್ತೂ ಕೆಳಗೆ ನುಗ್ಗಬೇಡಿ. ಚಕ್ರವನ್ನು ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿದರು. ಟಕ್ ಟಕ್ ಅಂತು. ನನಗೆ ಬ್ರೇಕ್ ಒತ್ತಿ ಹಿಡಿಯೋಕೆ ಹೇಳಿ ಮತ್ತೆ ಅಲ್ಲಾಡಿಸಿದರು. ಬ್ರೇಕ್ ಒತ್ತಿದಾಗ ಟಕ್ ಟಕ್ ನಿಂತರೆ ಸಡಿಲ ಇರೋದು ಚಕ್ರದ ಬೇರಿಂಗಿನಲ್ಲಿ. ಯಾಕಂದ್ರೆ ಬ್ರೇಕು ಚಕ್ರವನ್ನೂ ಅದರ ಹಿಂದಿನ ನಕಲ್ಲನ್ನೂ ಒಂದಾಗಿ ಕಟ್ಟಿಹಾಕುತ್ತೆ. ಒತ್ತಿದಮೇಲೂ ನಿಲ್ಲದಿದ್ದರೆ ಸಡಿಲ ಇರೋದು ಅದಕ್ಕಿಂತ ಹಿಂದೆ, ನಕಲ್ ತಿರುಗುವ ಕಿಂಗ್‌ಪಿನ್ ಬೇರಿಂಗಿನಲ್ಲಿ. ನಮ್ಮದು ನಿಲ್ಲಲಿಲ್ಲ. ಆಮೇಲೆ 3 ಮತ್ತು 9ರ ಜಾಗ ಹಿಡಿದು ಟೈ ರಾಡ್ ನೋಡಿದರು, ಅದು ಸರಿಯಿತ್ತು.

ಬಿಚ್ಚಿದಾಗ ಎಡಗಡೆ ಕೆಳಗಿನ ಬೇರಿಂಗಿನ ರೋಲರುಗಳು ತಮ್ಮ ಅಚ್ಚನ್ನೇ ಹೊರಗಿನ ಬಳೆಯ ಮೇಲೆ ಕೊರೆದುಬಿಟ್ಟಿದ್ದವು. ಸೀಲು ಹರಿದು ಕೆಸರು ನೀರು ಒಳಗೆ ಹೋಗಿತ್ತು. ಹೊಸ ಬೇರಿಂಗ್ ಹಾಕಿ, ಮೇಲಿನ ಮುಚ್ಚಳದಡಿಯ ತೆಳು ತಗಡುಗಳನ್ನು ಒಂದೊಂದಾಗಿ ತೆಗೆಯುತ್ತಾ ಬಿಗಿ ಹೊಂದಿಸಿದರು. ಎಷ್ಟು ಬಿಗಿ ಸಾಕು ಅಂತ ನೋಡೋಕೆ ನಕಲ್ಲಿನ ತೋಳಿಗೆ ಕಾಳುಮೆಣಸು ತೂಗುವ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದರು. ನಾನು ನಕ್ಕೆ. ಆಮೇಲೆ ಹುಡುಕಿ ನೋಡಿದರೆ ಹಳೇ ಜೀಪುಗಳ ಸರ್ವಿಸ್ ಪುಸ್ತಕ ಹೇಳೋದೂ ಅದನ್ನೇ, ಸ್ಪ್ರಿಂಗ್ ತಕ್ಕಡಿಯಲ್ಲಿ ಎಳೆದು ನೋಡಿ ಅಂತ.

ಹಾಗಾದರೆ ಹಿಂದಿನ ಗ್ಯಾರೇಜಿನವರು ಹಾಕಿದ ಸ್ಟೇರಿಂಗ್ ಡ್ಯಾಂಪರ್? ಅದು ನೋವಿಗೆ ಮಾತ್ರೆ ಕೊಟ್ಟ ಹಾಗೆ. ಸಣ್ಣ ಒದರಾಟವನ್ನು ನುಂಗಿ ಮರೆಸುತ್ತೆ. ಅಷ್ಟರಲ್ಲಿ ಬೇರಿಂಗ್ ಇನ್ನಷ್ಟು ಸವೆದು, ಡ್ಯಾಂಪರಿಗೂ ತಡೆಯಲಾರದ ದಿನ ಒಂದೇ ಸಲಕ್ಕೆ ಬಯಲಾಗುತ್ತೆ. ಅಪ್ಪ ಅಮ್ಮನಿಗೆ ಆಗಿದ್ದು ಅದೇ.

ಬ್ರೇಕ್ ಒತ್ತಿದಾಗ ನಡುಗಿದರೆ

ಈಗ ಉಳಿದದ್ದು ಹಳೇ ಗಡಗಡ. ಬ್ರೇಕ್ ಒತ್ತಿದರೆ ಮಾತ್ರ ಬರುತ್ತೆ, ಗಾಡಿ ನಿಧಾನವಾದ ಹಾಗೆ ಅದರ ತಾಳವೂ ನಿಧಾನವಾಗುತ್ತೆ, ಪೆಡಲ್ಲು ಕಾಲಿಗೆ ವಾಪಸ್ ಒದೆಯುತ್ತೆ. ಅಂದರೆ ಚಕ್ರದ ಪ್ರತಿ ಸುತ್ತಿಗೂ ಬ್ರೇಕಿನ ಹಿಡಿತ ಹೆಚ್ಚು ಕಡಿಮೆ ಆಗ್ತಿದೆ ಅಂತ.

ಇಂಥಾ ನಡುಕ ಮುಂದಿನದೋ ಹಿಂದಿನದೋ ಅಂತ ತಿಳಿಯೋಕೆ ಮಾಮೂಲಿ ಕಾರಿನಲ್ಲಿ ಒಂದು ಉಪಾಯ ಇದೆ. ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಹೋಗುತ್ತಾ ಹ್ಯಾಂಡ್‌ಬ್ರೇಕನ್ನು ಮೆತ್ತಗೆ ಎಳೆಯೋದು. ಅದು ಹಿಂದಿನ ಚಕ್ರವನ್ನಷ್ಟೇ ಹಿಡಿಯುತ್ತೆ, ಆಗ ನಡುಗಿದರೆ ತಪ್ಪು ಹಿಂದಿನದ್ದು. ನಾನು ಅದನ್ನು ಮಾಡೋಕೆ ಹೋದಾಗ ಮೇಸ್ತ್ರಿ ಬೈದರು. ಹಳೇ ಜೀಪಿನ ಹ್ಯಾಂಡ್‌ಬ್ರೇಕು ಚಕ್ರದಲ್ಲಿಲ್ಲ! 1941ರ ವಿಲ್ಲೀಸಿನಿಂದಲೂ ಅದು ಗೇರ್‌ಬಾಕ್ಸಿನ ಹಿಂದಿನ ಟ್ರಾನ್ಸ್‌ಫರ್ ಕೇಸಿನ ಬೆನ್ನಿಗೆ ಇರುವ ಒಂದು ಡ್ರಮ್ಮು, ಹಿಡಿಯೋದು ಪ್ರೊಪೆಲ್ಲರ್ ಶಾಫ್ಟನ್ನು. ನಿಂತ ಗಾಡಿಯನ್ನು ಹಿಡಿದಿಡೋಕೆ ಮಾಡಿದ್ದು ಅದು. ಓಡುವಾಗ ಎಳೆದರೆ ಪೆಟ್ಟು ಬೀಳೋದು ಶಾಫ್ಟಿಗೆ, ಜಾಯಿಂಟಿಗೆ. ಈ ಹ್ಯಾಂಡ್‌ಬ್ರೇಕನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ.

ನಮ್ಮದು ಕೈಗೆ ಬರೋ ನಡುಕ, ಆದ್ದರಿಂದ ಮುಂದಿನ ಡಿಸ್ಕನ್ನೇ ಮೊದಲು ನೋಡಬೇಕಿತ್ತು. ಡಿಸ್ಕ್ ಬ್ರೇಕಿನ ವಯಸ್ಸು ನಾವಂದುಕೊಂಡದ್ದಕ್ಕಿಂತ ಹೆಚ್ಚು. ಬರ್ಮಿಂಗ್‌ಹ್ಯಾಮಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಅದಕ್ಕೆ ಪೇಟೆಂಟ್ ತಗೊಂಡಿದ್ದ. ಲೋಹದ ತಟ್ಟೆಗೆ ತಾಮ್ರದ ಹಿಡಿ. ಅದರ ಕಿರುಚಾಟ ತಡೆಯೋಕಾಗದೆ ಜನ ಒಪ್ಪಲಿಲ್ಲ. ಮುಂದಿನ ಅರ್ಧ ಶತಮಾನ ಡ್ರಮ್ಮಿನದ್ದೇ ಆಳ್ವಿಕೆ. ಡ್ರಮ್ಮಿಗೆ ಶತ್ರು ಬಿಸಿ. ಬಿಸಿಯಾದಂತೆ ಡ್ರಮ್ಮು ಹಿಗ್ಗಿ ಬ್ರೇಕ್ ಶೂಗಳಿಂದ ದೂರ ಸರಿಯುತ್ತೆ, ಪೆಡಲ್ಲು ಆಳಕ್ಕೆ ಇಳಿಯುತ್ತೆ, ಹಿಡಿತ ಕರಗುತ್ತೆ. ಒಂದೂವರೆ ಟನ್ನಿನ ಗಾಡಿ 500 ಮೀಟರ್ ಎತ್ತರದಿಂದ ಬರೀ ಬ್ರೇಕಿನ ಮೇಲೆ ಇಳಿದರೆ ಸುಮಾರು ಎರಡು ಯೂನಿಟ್ ಕರೆಂಟಿನಷ್ಟು ಶಾಖ ಹುಟ್ಟುತ್ತೆ. ನಿಮ್ಮ ಬಾತ್‌ರೂಮಿನ ಗೀಸರನ್ನು ಒಂದು ಗಂಟೆ ಉರಿಸಿದಷ್ಟು, ನಾಲ್ಕು ಚಕ್ರದೊಳಗೆ.

1953ರಲ್ಲಿ ಫ್ರಾನ್ಸಿನ ಲ ಮಾನ್ಸ್ 24 ಗಂಟೆಗಳ ರೇಸಿಗೆ ಜಾಗ್ವಾರ್ ತಂಡ ಡನ್‌ಲಪ್ ಡಿಸ್ಕ್ ಬ್ರೇಕ್ ಹಾಕಿದ ಕಾರುಗಳೊಂದಿಗೆ ಬಂತು. ಟೋನಿ ರೋಲ್ಟ್ ಮತ್ತು ಡಂಕನ್ ಹ್ಯಾಮಿಲ್ಟನ್ ಗೆದ್ದರು. ಬೇರೆಯವರು ಬ್ರೇಕ್ ಉಳಿಸಿಕೊಳ್ಳೋಕೆ ಬೇಗ ಕಾಲಿಡುತ್ತಿದ್ದ ತಿರುವುಗಳಿಗೆ ಅವರು ತಡವಾಗಿ ಕಾಲಿಡಬಹುದಿತ್ತು. ಎರಡು ವರ್ಷಕ್ಕೆ, 1955ರಲ್ಲಿ, ಸಿಟ್ರೋಯೆನ್ ಡಿಎಸ್ ಕಾರಿನ ಮುಂದಿನ ಚಕ್ರಗಳಿಗೆ ಡಿಸ್ಕ್ ಬಂತು. ಹಳೇ ಜೀಪು ಕೊಂಡವರು ಡ್ರಮ್ ಕಿತ್ತು ಡಿಸ್ಕ್ ಹಾಕಿಸೋದು ಇದೇ ಕಾರಣಕ್ಕೆ, ಘಾಟಿ ಇಳಿಯೋರಿಗೆ ಅದು ಧೈರ್ಯ.

ಆದರೆ ಡಿಸ್ಕಿಗೂ ಅದರದ್ದೇ ಆದ ಕಾಯಿಲೆ ಇದೆ. ಗ್ಯಾರೇಜು ಭಾಷೆಯಲ್ಲಿ "ಬೆಂಡ್". ಫೋರ್ಡ್ ಜಿಟಿ40 ರೇಸ್ ಕಾರುಗಳ ಜೊತೆ ಕೆಲಸ ಮಾಡಿದ ಅಮೆರಿಕದ ಎಂಜಿನಿಯರ್ ಕ್ಯಾರಲ್ ಸ್ಮಿತ್ ಇದನ್ನು ಒಪ್ಪುತ್ತಿರಲಿಲ್ಲ. ಬೆಂಡಾಗಿದೆ ಅಂತ ತನ್ನ ಹತ್ತಿರ ಬಂದ ಡಿಸ್ಕುಗಳಲ್ಲೆಲ್ಲ ತಾನು ಕಂಡದ್ದು ಒಂದೇ, ಪ್ಯಾಡಿನ ವಸ್ತು ತಟ್ಟೆಯ ಮೇಲೆ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಮೆತ್ತಿಕೊಂಡಿರೋದು ಅನ್ನೋದು ಅವನ ವಾದ. ತಟ್ಟೆ ಸೊಟ್ಟಗಾಗಿರೋದಿಲ್ಲ, ದಪ್ಪ ಏರುಪೇರಾಗಿರುತ್ತೆ. ದಪ್ಪ ಜಾಗ ಬಂದಾಗ ಪ್ಯಾಡುಗಳನ್ನು ಹಿಂದಕ್ಕೆ ತಳ್ಳುತ್ತೆ, ಆ ತಳ್ಳು ಎಣ್ಣೆಯ ಮೂಲಕ ಪೆಡಲ್ಲಿಗೆ ಬರುತ್ತೆ.

ಎಷ್ಟು ಏರುಪೇರು ಸಾಕು ಅಂತೀರಾ? ಒಂದು ತಲೆಕೂದಲಿನ ದಪ್ಪಕ್ಕಿಂತ ಕಡಿಮೆ. ಒಂದು ವರ್ಕ್‌ಶಾಪಿನಿಂದ ಮೈಕ್ರೋಮೀಟರ್ ಎರವಲು ತಂದು ಡಿಸ್ಕಿನ ಸುತ್ತ ಎಂಟು ಕಡೆ ದಪ್ಪ ಅಳೆದೆ. ಬಲಗಡೆಯದ್ದು ಸರಿಯಿತ್ತು. ಎಡಗಡೆಯದ್ದರಲ್ಲಿ ಹೆಚ್ಚು ಕಡಿಮೆಯ ನಡುವೆ 0.03 ಮಿ.ಮೀ. ವ್ಯತ್ಯಾಸ. ಕಣ್ಣಿಗೆ ಕಾಣಲ್ಲ, ಕೈಗೆ ಸಿಗಲ್ಲ, ಸ್ಟೇರಿಂಗಿಗೆ ಗೊತ್ತಾಗುತ್ತೆ.

ದಪ್ಪ ಏರುಪೇರಾಗೋಕೆ ಎರಡು ದಾರಿ. ಒಂದು, ಡಿಸ್ಕ್ ಕೂರೋ ಹಬ್ಬಿನ ಮೇಲಿನ ತುಕ್ಕು ಕೆರೆಯದೆ ಹೊಸ ಡಿಸ್ಕ್ ಹಾಕೋದು, ಇಲ್ಲಾ ಚಕ್ರದ ನಟ್ಟುಗಳನ್ನು ಅಡ್ಡಾದಿಡ್ಡಿ ಬಿಗಿಯೋದು. ಆಗ ತಟ್ಟೆ ತುಸು ಓಲಾಡುತ್ತಾ, ಬ್ರೇಕ್ ಒತ್ತದಿದ್ದಾಗಲೂ ಪ್ರತಿ ಸುತ್ತಿಗೊಮ್ಮೆ ಪ್ಯಾಡಿಗೆ ಸವರಿ, ಕೆಲವು ಸಾವಿರ ಕಿ.ಮೀ.ನಲ್ಲಿ ಆ ಜಾಗ ಸವೆಯುತ್ತೆ. ಹೊಸ ಡಿಸ್ಕ್ ಹಾಕಿಸಿದವರು "ಎರಡು ತಿಂಗಳಿಗೆ ಮತ್ತೆ ಬಂತು" ಅನ್ನೋದು ಎಷ್ಟೋ ಸಲ ಇದರಿಂದಲೇ. ಡಯಲ್ ಗೇಜ್ ಇಟ್ಟು ತಿರುಗಿಸಿ ನೋಡಿದೆ, ನಮ್ಮದರಲ್ಲಿ ಓಲಾಟ ಇರಲಿಲ್ಲ. ಇನ್ನೊಂದು ದಾರಿ, ಕೆಂಡದಂತೆ ಕಾದ ಡಿಸ್ಕನ್ನು ಪ್ಯಾಡಿನಿಂದ ಒತ್ತಿ ಹಿಡಿದು ಗಾಡಿ ನಿಲ್ಲಿಸಿರೋದು. ಪ್ಯಾಡು ತನ್ನ ಅಚ್ಚನ್ನು ಅಲ್ಲೇ ಮುದ್ರೆ ಒತ್ತುತ್ತೆ. ಡಿಸ್ಕನ್ನು ಬಿಸಿಲಿಗೆ ಹಿಡಿದು ನೋಡಿದಾಗ ನೀಲಿ ಮಿಶ್ರಿತ ಬೂದು ಬಣ್ಣದ ಒಂದು ಕಲೆ ಕಂಡಿತು. ಸರಿಯಾಗಿ ಪ್ಯಾಡಿನ ಆಕಾರ.

ಅಪ್ಪನನ್ನು ಕೇಳಿದೆ, ಘಾಟಿ ಇಳಿದಮೇಲೆ ಎಲ್ಲಾದರೂ ನಿಲ್ತೀರಾ ಅಂತ. "ಟೀ ಕುಡೀತೀವಿ." ಗಾಡಿ ಹೇಗೆ ನಿಲ್ಲಿಸ್ತೀರಾ? "ನಿಮ್ಮಮ್ಮ ಇಳಿದು ಟೀ ತಂದು ಕೊಡ್ತಾಳೆ. ನಾನು ಬ್ರೇಕ್ ಒತ್ಕೊಂಡು ಕೂತಿರ್ತೀನಿ. ಅಲ್ಲಿ ಇಳಿಜಾರು, ಹ್ಯಾಂಡ್‌ಬ್ರೇಕ್ ಹಿಡಿಯಲ್ವಲ್ಲ."

ಹ್ಯಾಂಡ್‌ಬ್ರೇಕ್ ಹಿಡಿಯದ್ದಕ್ಕೆ ಕಾರಣ ಮೇಸ್ತ್ರಿ ಕೆಳಗೆ ಮಲಗಿ ಒಂದೇ ನಿಮಿಷಕ್ಕೆ ಹೇಳಿದರು. ಟ್ರಾನ್ಸ್‌ಫರ್ ಕೇಸಿನ ಹಿಂದಿನ ಎಣ್ಣೆ ಸೀಲು ಸೋರಿ, ಅದರ ಬೆನ್ನಿಗೇ ಇರುವ ಬ್ರೇಕ್ ಡ್ರಮ್ಮಿನೊಳಗೆ ಎಣ್ಣೆ ತುಂಬಿತ್ತು. ಎಣ್ಣೆಯಲ್ಲಿ ನೆಂದ ಲೈನಿಂಗು ಏನು ಹಿಡಿಯುತ್ತೆ? 1941ರಲ್ಲಿ ಹ್ಯಾಂಡ್‌ಬ್ರೇಕನ್ನು ಎಣ್ಣೆ ಪೆಟ್ಟಿಗೆಯ ಪಕ್ಕ ಇಟ್ಟರು. ಸೀಲು ಸೋರಿತು, ಹ್ಯಾಂಡ್‌ಬ್ರೇಕ್ ಸೋತಿತು. ಅಪ್ಪ ಅದರ ಕೆಲಸವನ್ನು ಕಾಲಿಗೆ ಕೊಟ್ಟರು, ಕಾದ ಡಿಸ್ಕಿನ ಮೇಲೆ ಪ್ಯಾಡು ಅಚ್ಚೊತ್ತಿತು. ಡಿಸ್ಕ್ ಬದಲಾಯಿಸಿದ ಗ್ಯಾರೇಜಿನವರ ಕೆಲಸದಲ್ಲಿ ತಪ್ಪೇನೂ ಇರಲಿಲ್ಲ. ಅವರು ಕೇಳದೇ ಬಿಟ್ಟದ್ದು ಒಂದು ಪ್ರಶ್ನೆ ಅಷ್ಟೇ.

ಸೀಲು ಬಂದದ್ದು ಕೆಲವು ನೂರು ರೂಪಾಯಿಗೆ. ಹ್ಯಾಂಡ್‌ಬ್ರೇಕಿಗೆ ಹೊಸ ಲೈನಿಂಗ್ ಆಯಿತು. ಡಿಸ್ಕಿನ ಮೇಲೆ ಬರೆದಿರೋ ಕನಿಷ್ಠ ದಪ್ಪಕ್ಕಿಂತ ಕೆಳಗೆ ಹೋಗದ ಹಾಗೆ ಲೇತಿನಲ್ಲಿ ತೆಳ್ಳಗೆ ಸವರಿಸಿ, ಹಬ್ಬಿನ ತುಕ್ಕು ಕೆರೆದು, ಹೊಸ ಪ್ಯಾಡ್ ಹಾಕಿದೆವು. ಖಾಲಿ ರಸ್ತೆಯಲ್ಲಿ 50ರಿಂದ 10ಕ್ಕೆ ಇಳಿಸೋದು, ಪೂರ್ತಿ ನಿಲ್ಲಿಸದೆ ಮತ್ತೆ ಏರಿಸೋದು, ಹೀಗೆ ಹತ್ತು ಸಲ ಮಾಡಿ ಪ್ಯಾಡು ಡಿಸ್ಕಿಗೆ ಸಮನಾಗಿ ಒಗ್ಗೋ ಹಾಗೆ ಮಾಡಿದೆವು. ಘಾಟಿಗೆ ಅಪ್ಪನಿಗೆ ಎರಡು ನಿಯಮ. ಹತ್ತೋ ಗೇರಲ್ಲೇ ಇಳೀಬೇಕು, ಎಂಜಿನ್ನೇ ಗಾಡಿ ತಡೀಬೇಕು. ಕೆಳಗೆ ಬಂದಮೇಲೆ ಒಂದೆರಡು ಕಿ.ಮೀ. ಬ್ರೇಕ್ ಮುಟ್ಟದೆ ನಿಧಾನ ಓಡಿಸಿ ಆಮೇಲೆ ಟೀ. ನಿಂತಮೇಲೆ ಎಂಜಿನ್ ಆಫ್ ಮಾಡಿ ಗೇರಿನಲ್ಲಿ ಬಿಡೋದು, ಬ್ರೇಕಿನಿಂದ ಕಾಲು ತೆಗೆಯೋದು.

ದೀಪಾವಳಿಗೆ ಊರಿಗೆ ಹೋದಾಗ ಮೂರೂ ಜನ ಜೀಪಿನಲ್ಲಿ ಘಾಟಿ ಇಳಿದೆವು. ಅಮ್ಮ ಹತ್ತಿದರು. ತಿರುವುಗಳಲ್ಲಿ ಮುಂದಿನ ಹಿಡಿಯನ್ನು ಗಟ್ಟಿಯಾಗಿ ಹಿಡ್ಕೊಂಡೇ ಇದ್ದರು, ಗಾಡಿ ನಡುಗದಿದ್ದರೂ. ಟೀ ಅಂಗಡಿ ಹತ್ತಿರ ಅಪ್ಪ ಗೇರ್ ಹಾಕಿ ಹ್ಯಾಂಡ್‌ಬ್ರೇಕ್ ಎಳೆದರು. ಅಮ್ಮ ಟೀ ತರೋ ಮೊದಲು ರಸ್ತೆ ಬದಿಯಿಂದ ಒಂದು ಕಲ್ಲು ತಂದು ಹಿಂದಿನ ಚಕ್ರಕ್ಕೆ ಕೊಟ್ಟರು.

"ಹ್ಯಾಂಡ್‌ಬ್ರೇಕ್ ಈಗ ಹಿಡಿಯುತ್ತಮ್ಮ" ಅಂದೆ.

"ಹಿಡೀಲಿ" ಅಂದರು. "ಕಲ್ಲೂ ಇರಲಿ."